ಕಂದಾಯ ಕಟ್ಟಿದವರ ಮತ, ಸಾಲಿನಲ್ಲಿ ನಿಂತವರ ಮತ

ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ನಮ್ಮ ವಿದ್ಯಾವಂತರ ನಡುವೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಓದು ಬರಹ ತಿಳಿಯದವರಿಗೆ, ತೆರಿಗೆ ಕಟ್ಟದವರಿಗೆ, ಒಂದು ಸೀರೆಗೋ ನಾಲ್ಕು ನೋಟಿಗೋ ಮತ ಮಾರಿಕೊಳ್ಳುವವರಿಗೆ ಯಾಕೆ ಓಟು ಕೊಡಬೇಕು ಎಂಬುದೇ ಆ ಮಾತು. ಮದುವೆ ಮನೆಯಲ್ಲಿ, ರೈಲಿನಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ ನಾವೆಲ್ಲ ಇದನ್ನು ಕೇಳಿದ್ದೇವೆ. ಹೊಸ ವಿಚಾರವೊಂದನ್ನು ಕಂಡುಹಿಡಿದವರ ಧಾಟಿಯಲ್ಲಿ ಇದನ್ನು ಹೇಳುವವರು ಒಂದು ಸಂಗತಿಯನ್ನು ಮರೆತಿರುತ್ತಾರೆ. ಈ ಪ್ರಯೋಗ ನಮ್ಮ ನೆಲದಲ್ಲಿ ಆಗಿಹೋಗಿದೆ. ಒಂದೆರಡು ಚುನಾವಣೆಗಳಲ್ಲಲ್ಲ, ಸುಮಾರು ಅರುವತ್ತು ವರ್ಷಗಳ ಕಾಲ ಇಲ್ಲಿ ಆಸ್ತಿ ಇದ್ದವರು, ತೆರಿಗೆ ಕಟ್ಟಿದವರು, ಪದವಿ ಪಡೆದವರು ಮಾತ್ರ ಮತ ಹಾಕುತ್ತಿದ್ದರು. ಅವರ ಮತದಿಂದ ದೇಶಕ್ಕೆ ಏನು ದಕ್ಕಿತು, ಎಲ್ಲರಿಗೂ ಮತ ಬಂದ ಮೇಲೆ ಏನು ಬದಲಾಯಿತು ಎಂಬುದನ್ನು ಒಮ್ಮೆ ಹಿಂದಿರುಗಿ ನೋಡುವುದು ಒಳ್ಳೆಯದು.

ಮೈಸೂರಿನಿಂದಲೇ ಆರಂಭಿಸೋಣ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರರ ಆಡಳಿತ ಮುಗಿದು 1881ರಲ್ಲಿ ಸಂಸ್ಥಾನವು ಒಡೆಯರ ಕೈಗೆ ಮರಳಿತು. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಇಡೀ ಭಾರತದಲ್ಲಿ ಇಂತಹ ಸಭೆ ಅದೇ ಮೊದಲು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಆ ಹೆಮ್ಮೆ ಸುಳ್ಳೂ ಅಲ್ಲ. ಆದರೆ ಅಂದು ಮೈಸೂರಿನಲ್ಲಿ ಸೇರಿದ 144 ಮಂದಿ ಯಾರು? ತಾಲೂಕು ತಾಲೂಕಿನಿಂದ ಅಧಿಕಾರಿಗಳು ಆರಿಸಿ ಕಳಿಸಿದ್ದ ಭೂಮಾಲೀಕರು ಮತ್ತು ದೊಡ್ಡ ವರ್ತಕರು. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆರಂಭದಲ್ಲಿ, ನೇಮಕದ ಬದಲು ಚುನಾವಣೆ ಬಂತು. ಮತ ಹಾಕುವ ಹಕ್ಕು ಮಾತ್ರ ಇಂತಿಷ್ಟು ಕಂದಾಯ ಕಟ್ಟುವ ಹಿಡುವಳಿದಾರರಿಗೆ, ಪುರಸಭೆಗೆ ತೆರಿಗೆ ಕಟ್ಟುವವರಿಗೆ ಮತ್ತು ಬೆರಳೆಣಿಕೆಯ ಪದವೀಧರರಿಗೆ ಸೀಮಿತವಾಯಿತು. ಆ ಸಭೆ ದಸರೆಯ ಸಂದರ್ಭದಲ್ಲಿ ಸೇರಿ ಅಹವಾಲು ಹೇಳಿಕೊಂಡು ಚದುರುತ್ತಿತ್ತು. ದಿವಾನರು ಕೇಳಿಸಿಕೊಳ್ಳುತ್ತಿದ್ದರು, ಮನಸ್ಸಿದ್ದರೆ ನಡೆಸಿಕೊಡುತ್ತಿದ್ದರು. 1923ರ ಕಾಯ್ದೆಯಲ್ಲಿ ಆಸ್ತಿಯ ಮಟ್ಟವನ್ನು ತಗ್ಗಿಸಲಾಯಿತು, ಮಹಿಳೆಯರಿಗಿದ್ದ ಅಡ್ಡಿಯನ್ನೂ ತೆಗೆಯಲಾಯಿತು. ಹೊಲದಲ್ಲಿ ಕೂಲಿ ಮಾಡುವವನಿಗೆ ಇದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಅವನು ಕಟ್ಟುವ ಕಂದಾಯವೇ ಇಲ್ಲದ ಮೇಲೆ ಅವನಿಗೆ ಹೇಳಿಕೊಳ್ಳುವ ಅಹವಾಲೂ ಇರಲಾರದು ಎಂದು ಆ ಕಾಲ ನಂಬಿತ್ತು.

ಈ ನಂಬಿಕೆ ಮೈಸೂರಿನದೂ ಅಲ್ಲ, ಭಾರತದ್ದೂ ಅಲ್ಲ. ಅದು ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ 1832ರ ಸುಧಾರಣಾ ಕಾಯ್ದೆ ಪಟ್ಟಣಗಳಲ್ಲಿ ವರ್ಷಕ್ಕೆ ಹತ್ತು ಪೌಂಡು ಬಾಡಿಗೆ ಬಾಳುವ ಮನೆಯಿದ್ದ ಗಂಡಸಿಗೆ ಮತ ಕೊಟ್ಟಿತು. ದೇಶದಲ್ಲಿ ಯಾರಿಗೆ ಪಾಲು ಇದೆಯೋ ಅವರೇ ದೇಶದ ಬಗ್ಗೆ ಯೋಚಿಸಬಲ್ಲರು, ಉಳಿದವರು ಧಣಿ ಹೇಳಿದಂತೆ ಕೈ ಎತ್ತುತ್ತಾರೆ ಎಂಬುದು ಅದರ ಹಿಂದಿನ ವಾದ. ಕಾರ್ಮಿಕರ ಹೋರಾಟಗಳ ಮುಂದೆ ಈ ಗೆರೆ ನಿಧಾನವಾಗಿ ಸರಿಯುತ್ತಾ ಹೋಯಿತು. 1918ರಲ್ಲಿ 21 ತುಂಬಿದ ಬಹುತೇಕ ಎಲ್ಲ ಗಂಡಸರಿಗೂ ಮತ ಸಿಕ್ಕಿತು. ಹೆಂಗಸರಿಗೆ? 30 ತುಂಬಿರಬೇಕು, ಜೊತೆಗೆ ಆಸ್ತಿ ಇರಬೇಕು ಅಥವಾ ಆಸ್ತಿ ಇರುವವನ ಹೆಂಡತಿಯಾಗಿರಬೇಕು. ಮಹಾಯುದ್ಧದಲ್ಲಿ ಲಕ್ಷಾಂತರ ಯುವಕರು ಸತ್ತು ಹೆಂಗಸರ ಸಂಖ್ಯೆ ಹೆಚ್ಚಾಗಿದ್ದ ದೇಶದಲ್ಲಿ ಗಂಡಸರ ಮತ ಕಡಿಮೆ ಬೀಳಬಾರದೆಂದು ವಯಸ್ಸನ್ನೂ ಆಸ್ತಿಯನ್ನೂ ಹೀಗೆ ಹೆಣೆಯಲಾಯಿತು. ವಯಸ್ಸು ಎಂಬುದು ಬುದ್ಧಿ ಬಲಿಯುವ ಲೆಕ್ಕ ಎಂದು ನಾವು ತಿಳಿದಿರುತ್ತೇವೆ. ಶಾಸನಸಭೆಗಳು ಅದನ್ನು ತಲೆ ಎಣಿಸುವ ಲೆಕ್ಕವಾಗಿಯೂ ಬಳಸಿವೆ.

ತನ್ನ ಮನೆಯಲ್ಲಿ ಬಿಟ್ಟುಕೊಡುತ್ತಿದ್ದ ಗೆರೆಯನ್ನು ಬ್ರಿಟನ್ ಇಲ್ಲಿ ಹೊಸದಾಗಿ ಎಳೆಯಿತು. 1909ರ ಮಾರ್ಲೆ-ಮಿಂಟೋ ಸುಧಾರಣೆಯಲ್ಲಿ ಮತದಾರರು ಅತ್ಯಲ್ಪ. 1919ರ ಕಾಯ್ದೆಯ ಪ್ರಕಾರ ನಡೆದ 1920ರ ಪ್ರಾಂತೀಯ ಚುನಾವಣೆಯಲ್ಲಿ ಮತದ ಹಕ್ಕಿದ್ದವರು ಸುಮಾರು 50 ಲಕ್ಷ, ಅಂದರೆ ನೂರು ಮಂದಿಯಲ್ಲಿ ಮೂವರೂ ಇಲ್ಲ. ದಿಲ್ಲಿಯ ಕೇಂದ್ರ ಶಾಸನಸಭೆಗೆ ಮತ ಹಾಕಬಲ್ಲವರು ಸುಮಾರು 9 ಲಕ್ಷ. ಮೇಲ್ಮನೆಗೆ ಸುಮಾರು 17 ಸಾವಿರ! ಇಂದು ನಮ್ಮ ಒಂದು ದೊಡ್ಡ ಹೋಬಳಿಯಲ್ಲಿ ಅದಕ್ಕಿಂತ ಹೆಚ್ಚು ಮತದಾರರು ಸಿಗುತ್ತಾರೆ. ಭೂಕಂದಾಯ, ಆದಾಯ ತೆರಿಗೆ, ಪುರಸಭೆಯ ತೆರಿಗೆ, ವಿಶ್ವವಿದ್ಯಾನಿಲಯದ ಪದವಿ, ಸೇನೆಯ ಪಿಂಚಣಿ - ಇವುಗಳಲ್ಲಿ ಯಾವುದಾದರೊಂದು ಇರಬೇಕಿತ್ತು. ಅಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳಿ. ಪಟ್ಟಾ ಧಣಿಯ ಹೆಸರಿನಲ್ಲಿತ್ತು, ಗದ್ದೆಯಲ್ಲಿ ಬೆವರು ಒಕ್ಕಲಿನದ್ದಾಗಿತ್ತು. ಚಾಲಗೇಣಿಯ ಒಕ್ಕಲುಗಳಲ್ಲಿ ಬಹುಪಾಲು ಮಂದಿ ಮತಪಟ್ಟಿಯ ಹೊರಗೇ ಉಳಿದರು.

ಇನ್ನೊಂದು ಸೋಜಿಗವನ್ನು ಇಲ್ಲಿ ಹೇಳಲೇಬೇಕು. ಭೂಮಾಲೀಕರಿಗೆ, ವಾಣಿಜ್ಯ ಸಂಘಗಳಿಗೆ, ವಿಶ್ವವಿದ್ಯಾನಿಲಯಗಳಿಗೆ ಅಂದು ಪ್ರತ್ಯೇಕ ಕ್ಷೇತ್ರಗಳಿದ್ದವು. ಅಂತಹ ಕ್ಷೇತ್ರದ ಮತದಾರನಾದ ಸಿರಿವಂತನು ತನ್ನ ಊರಿನ ಸಾಮಾನ್ಯ ಕ್ಷೇತ್ರದಲ್ಲೂ ಮತ ಹಾಕಬಹುದಿತ್ತು. ಕಾನೂನೇ ಅವನಿಗೆ ಎರಡು ಓಟು ಕೊಟ್ಟಿತ್ತು. ಬ್ರಿಟನ್ನಿನಲ್ಲಿ ಇಂತಹ ಪದ್ಧತಿ ಪೂರ್ತಿ ನಿಂತದ್ದು 1948ರ ಕಾಯ್ದೆಯಿಂದ. ಇಂದು ಮತ ಹಾಕಿದ ಪ್ರತಿಯೊಬ್ಬರ ಎಡಗೈ ತೋರುಬೆರಳಿಗೆ ಹಚ್ಚುವ, 1962ರಿಂದ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಸರಬರಾಜಾಗುತ್ತಿರುವ ಆ ಅಳಿಸದ ಶಾಯಿಯು ಬಡವನ ಕಳ್ಳವೋಟನ್ನು ತಡೆಯಲಿಕ್ಕೆ ಇರುವುದೆಂದು ಅನೇಕರು ಭಾವಿಸಿದ್ದಾರೆ. ಈ ದೇಶದಲ್ಲಿ ಎರಡೆರಡು ಬಾರಿ ಮತ ಹಾಕಿದವರ ಚರಿತ್ರೆ ಬರೆಯುವುದಾದರೆ ಮೊದಲ ಅಧ್ಯಾಯ ಜಮೀನ್ದಾರರದ್ದೇ ಆಗಬೇಕಾದೀತು.

ಮಹಿಳೆಯರ ವಿಷಯದಲ್ಲಿ ಆಸ್ತಿಯ ಷರತ್ತು ಇನ್ನೂ ಕ್ರೂರವಾಗಿತ್ತು. ಮದ್ರಾಸ್ ಶಾಸನಸಭೆ 1921ರಲ್ಲೇ ಮಹಿಳೆಯರಿಗೆ ಮತದ ಬಾಗಿಲು ತೆರೆಯಿತು. ಬಾಗಿಲು ತೆರೆಯಿತು, ಸರಿ. ಒಳಗೆ ಬರಲು ಸ್ವಂತ ಹೆಸರಿನಲ್ಲಿ ಆಸ್ತಿ ಬೇಕು. ಎಷ್ಟು ಹೆಂಗಸರಿಗೆ ಅದಿತ್ತು? ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಆ ಸಭೆಗೆ ಸ್ಪರ್ಧಿಸಿ ತೀರಾ ಅಲ್ಪ ಮತಗಳಿಂದ ಸೋತರು. ಅವರು ಮತ ಕೇಳಿಕೊಂಡು ಹೋದ ಮನೆಗಳಲ್ಲಿ ಬಾಗಿಲು ತೆರೆದ ಹೆಂಗಸರಲ್ಲಿ ಬಹುತೇಕರಿಗೆ ಕೊಡಲು ಮತವೇ ಇರಲಿಲ್ಲ. 1932ರಲ್ಲಿ ಲಾರ್ಡ್ ಲೋಥಿಯನ್ ನೇತೃತ್ವದ ಸಮಿತಿಯೊಂದು ಯಾರಿಗೆ ಮತ ಕೊಡಬೇಕೆಂದು ತೀರ್ಮಾನಿಸಲು ದೇಶ ಸುತ್ತಿತು. ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ ಅದರ ಸದಸ್ಯೆ, ಡಾ. ಅಂಬೇಡ್ಕರ್ ಅವರೂ ಅದರಲ್ಲಿದ್ದರು. ಎಲ್ಲ ವಯಸ್ಕರಿಗೂ ಮತ ಬೇಕೆಂದು ಅಂಬೇಡ್ಕರ್ 1928ರಲ್ಲೇ ಸೈಮನ್ ಆಯೋಗದ ಮುಂದೆ ಕೇಳಿದ್ದರು, ಅದೇ ವರ್ಷದ ಮೋತಿಲಾಲ್ ನೆಹರೂ ವರದಿಯೂ ಅದನ್ನೇ ಹೇಳಿತ್ತು. ಸಮಿತಿ ಒಪ್ಪಲಿಲ್ಲ. ಅಷ್ಟೊಂದು ಜನರ ಪಟ್ಟಿ ಮಾಡುವುದು, ಮತದಾನ ನಡೆಸುವುದು ಆಗದ ಕೆಲಸ ಎಂದಿತು. ಮಹಿಳೆಯರ ಸಂಖ್ಯೆ ಹೆಚ್ಚಿಸಲು ಆಸ್ತಿವಂತ ಮತದಾರನ ಹೆಂಡತಿಗೂ ಮತ ಕೊಡಬಹುದೆಂಬ ದಾರಿ ತೋರಿಸಿತು, 1935ರ ಕಾಯ್ದೆಯಲ್ಲಿ ಅದೇ ಬಂತು. ಗಂಡನ ಕಂದಾಯದ ರಶೀದಿ ಹೆಂಡತಿಯ ಮತವಾಯಿತು. ಕೂಲಿಯವನ ಹೆಂಡತಿ ತಾನೇ ದುಡಿದು ಮನೆ ನಡೆಸುತ್ತಿದ್ದರೂ ಅವಳಿಗೆ ಅದು ದಕ್ಕಲಿಲ್ಲ.

1935ರ ಕಾಯ್ದೆಯಲ್ಲಿ ಮತದಾರರ ಸಂಖ್ಯೆ ಮೂರು ಕೋಟಿ ದಾಟಿತು. ಏಳೆಂಟು ಜನರಲ್ಲಿ ಒಬ್ಬರಿಗೆ ಎನ್ನಬಹುದು. ಈ ಪಟ್ಟಿಯ ಮೇಲೆಯೇ 1937ರ ಮತ್ತು 1946ರ ಪ್ರಾಂತೀಯ ಚುನಾವಣೆಗಳು ನಡೆದವು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಏಕೆಂದರೆ 1946ರ ಚುನಾವಣೆಯ ಮೇಲೆ ಒಂದು ಆರೋಪ ನಿಂತಿದೆ, ಅದನ್ನು ಭಾರತದ ಮುಸ್ಲಿಮರು ಇಂದಿಗೂ ಕೇಳಬೇಕಾಗಿ ಬರುತ್ತದೆ. ವಾಯವ್ಯ ಗಡಿ ಪ್ರಾಂತ್ಯವೊಂದನ್ನು ಬಿಟ್ಟರೆ ಮುಸ್ಲಿಮರಿಗೆ ಮೀಸಲಾದ ಬಹುತೇಕ ಎಲ್ಲ ಸ್ಥಾನಗಳನ್ನು ಮುಸ್ಲಿಂ ಲೀಗ್ ಗೆದ್ದುಕೊಂಡಿತು, ಕೇಂದ್ರ ಸಭೆಯಲ್ಲಂತೂ 30ಕ್ಕೆ 30. ಆದ್ದರಿಂದ ಮುಸ್ಲಿಮರು ಪಾಕಿಸ್ತಾನಕ್ಕೆ ಮತ ಹಾಕಿದರು ಎಂಬುದು ಆ ಆರೋಪ. ಯಾವ ಮುಸ್ಲಿಮರು? ಪ್ರತ್ಯೇಕ ಕ್ಷೇತ್ರ ಬೇಕೆಂದು 1906ರಲ್ಲಿ ಶಿಮ್ಲಾದಲ್ಲಿ ವೈಸರಾಯರ ಮುಂದೆ ನಿಂತ ನಿಯೋಗದಲ್ಲಿ ಆಗಾ ಖಾನರ ಹಿಂದಿದ್ದವರು ನವಾಬರು, ಜಮೀನ್ದಾರರು, ವಕೀಲರು. ನಲವತ್ತು ವರ್ಷಗಳ ನಂತರ ಮತಪೆಟ್ಟಿಗೆಯ ಮುಂದೆ ನಿಂತವರೂ ಆಸ್ತಿ, ತೆರಿಗೆ, ಅಕ್ಷರದ ಅರ್ಹತೆ ಇದ್ದ ಒಂದು ಸಣ್ಣ ಪಾಲು. ಬಿಹಾರ ಮತ್ತು ಸಂಯುಕ್ತ ಪ್ರಾಂತ್ಯಗಳ ನೇಕಾರರ ನಡುವೆ ಬೆಳೆದಿದ್ದ ಮೋಮಿನ್ ಕಾನ್ಫರೆನ್ಸ್ ವಿಭಜನೆಯನ್ನು ಬಹಿರಂಗವಾಗಿ ವಿರೋಧಿಸಿತ್ತು. ಕೈಮಗ್ಗದ ಆ ಬಡ ನೇಕಾರರಲ್ಲಿ ಹೆಚ್ಚಿನವರಿಗೆ ಮತ ಇರಲಿಲ್ಲ. ಎಲ್ಲರಿಗೂ ಮತ ಇದ್ದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎಂದು ನಾವು ಸಾಧಿಸಲು ಹೊರಟಿಲ್ಲ. ಆಗಿನ ಉದ್ವೇಗದ ವಾತಾವರಣದಲ್ಲಿ ಬಡವರೂ ಅದೇ ಕಡೆ ವಾಲಿರಬಹುದಿತ್ತು. ಆದರೆ ಕೇಳದೇ ಇದ್ದವರ ಉತ್ತರವನ್ನು ಅವರ ಮೊಮ್ಮಕ್ಕಳ ತಲೆಗೆ ಕಟ್ಟುವುದು ಯಾವ ನ್ಯಾಯ? ಮತ ಹಾಕಿದ ಜಮೀನ್ದಾರರಲ್ಲಿ, ವಕೀಲರಲ್ಲಿ, ಅಧಿಕಾರಿಗಳಲ್ಲಿ ಅನೇಕರು ಗಡಿ ದಾಟಿಹೋದರು. ಮತ ಇಲ್ಲದ ನೇಕಾರ, ಬೀಡಿ ಕಟ್ಟುವವನು, ಟಾಂಗಾ ಓಡಿಸುವವನು ಇಲ್ಲೇ ಉಳಿದರು.

ಇಂತಹ ಹಿನ್ನೆಲೆಯಿಂದ ಬಂದ ದೇಶವೊಂದು ಸ್ವಾತಂತ್ರ್ಯದ ಮರುಗಳಿಗೆಯಲ್ಲೇ ಎಲ್ಲರಿಗೂ ಮತ ಎಂದು ಹೇಳಿದ್ದು ಸಣ್ಣ ಮಾತಲ್ಲ. ಹಾಗೆ ಹೇಳಿದ ಸಂವಿಧಾನ ಸಭೆಯೇ ಹಳೆಯ ಸೀಮಿತ ಪಟ್ಟಿಯಿಂದ ಆರಿಸಿ ಬಂದಿದ್ದ ಪ್ರಾಂತೀಯ ಶಾಸಕರಿಂದ ಆಯ್ಕೆಯಾದದ್ದು ಎಂಬುದನ್ನೂ ನೆನೆಯಬೇಕು. ಲೋಥಿಯನ್ ಸಮಿತಿ ಆಗದ ಕೆಲಸ ಎಂದಿದ್ದ ಮತಪಟ್ಟಿಯ ತಯಾರಿ ಸಂವಿಧಾನ ಜಾರಿಯಾಗುವ ಮೊದಲೇ, 1947ರ ಕೊನೆಯಿಂದ ಆರಂಭವಾಯಿತು. ಅದರ ಚುಕ್ಕಾಣಿ ಹಿಡಿದದ್ದು ಸಂವಿಧಾನ ಸಭೆಯ ಸಚಿವಾಲಯ. ಅದರ ಸಲಹೆಗಾರರಾಗಿದ್ದವರು ಮಂಗಳೂರಿನ ಬೆನಗಲ್ ನರಸಿಂಗ ರಾಯರು. ಈ ಕೆಲಸದ ಕಥೆಯನ್ನು ಇತಿಹಾಸಕಾರ್ತಿ ಆರ್ನಿಟ್ ಶಾನಿ ಹಳೆಯ ಕಡತಗಳಿಂದ ಹೊರತೆಗೆದು ಬರೆದಿದ್ದಾರೆ. ವಿಭಜನೆಯ ಬೆಂಕಿಯಿಂದ ಓಡಿಬಂದ ನಿರಾಶ್ರಿತರಿಗೆ ವಿಳಾಸವಿಲ್ಲ, ಕಾಗದವಿಲ್ಲ, ಪಟ್ಟಿಗೆ ಸೇರಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ಇಲ್ಲೇ ಶಾಶ್ವತವಾಗಿ ನೆಲೆಸುತ್ತೇನೆ ಎಂದು ಅವರು ಹೇಳಿಕೆ ಕೊಟ್ಟರೆ ಸಾಕು, ಹೆಸರು ಬರೆದುಕೊಳ್ಳಿ ಎಂದು ಸಚಿವಾಲಯ ಉತ್ತರಿಸಿತು. ಕಾಗದವಿಲ್ಲದವನನ್ನು ಹುಡುಕಿಕೊಂಡು ಹೋಗಿ ಹೆಸರು ಬರೆಸಿಕೊಂಡ ಪ್ರಭುತ್ವ ಅದು!

ಮೊದಲ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಪಟ್ಟಿಯಲ್ಲಿ ಸುಮಾರು 17 ಕೋಟಿ 30 ಲಕ್ಷ ಹೆಸರುಗಳಿದ್ದವು. ಬಹುಪಾಲು ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಆದ್ದರಿಂದ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಡಲಾಯಿತು. ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಉತ್ತರ ಭಾರತದಲ್ಲಿ ತಮ್ಮ ಹೆಸರು ಹೇಳಲೊಪ್ಪದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಮಹಿಳೆಯರ ಹೆಸರನ್ನು ಸೇನ್ ಹೊಡೆದುಹಾಕಿದರು. ಕಠೋರ ಕ್ರಮ ಎನಿಸಬಹುದು. ಆದರೆ ಗಂಡನ ರಶೀದಿಯ ಮೇಲೆ ಮತ ಪಡೆಯುವ ಪದ್ಧತಿಗೆ ಅಲ್ಲಿಗೆ ಪೂರ್ಣವಿರಾಮ ಬಿತ್ತು. 1951ರ ಅಕ್ಟೋಬರ್ 25ರಿಂದ 1952ರ ಫೆಬ್ರವರಿಯ ತನಕ ಮತದಾನ ನಡೆಯಿತು. ನೂರಕ್ಕೆ ಸುಮಾರು 45 ಮಂದಿ ಮತ ಹಾಕಿದರು. ಇದು ಕಡಿಮೆ ಎಂದು ಮೂಗು ಮುರಿದವರಿದ್ದರು.

ಮತ ಬಂದ ಕೂಡಲೇ ಬಡವರ ಬಾಳು ಬೆಳಗಲಿಲ್ಲ. ಧಣಿ ಹೇಳಿದ ಪೆಟ್ಟಿಗೆಗೇ ಒಕ್ಕಲಿನ ಚೀಟಿ ಬಿದ್ದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಎರಡು ದಶಕ ಕಳೆಯುವಷ್ಟರಲ್ಲಿ ಕರ್ನಾಟಕದಲ್ಲಿ ಒಂದು ತಿರುವು ಕಾಣುತ್ತದೆ. ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು, ಉಳುವ ಒಕ್ಕಲು ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಲ್ಲಬಹುದಾಯಿತು. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ, ಅಂದರೆ ಧಣಿಯ ಹಣಕ್ಕೆ ಅಲ್ಲಿ ಮಾತಾಡಲು ಬಾಯಿ ಇರಲಿಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮುಸ್ಲಿಮರು, ಬಿಲ್ಲವರು, ಕ್ರೈಸ್ತರು ಎನ್ನದೆ ಎಷ್ಟೋ ಗೇಣಿದಾರ ಕುಟುಂಬಗಳು ತಾವು ಉಳುತ್ತಿದ್ದ ನೆಲದ ಒಡೆಯರಾದವು. ಭೂಮಿ ಇದ್ದವನಿಗೆ ಮಾತ್ರ ಮತ ಎಂಬಲ್ಲಿಂದ ಹೊರಟ ನಾಡು, ಮತ ಇದ್ದುದರಿಂದಲೇ ಭೂಮಿ ಸಿಗುವಲ್ಲಿಗೆ ಬಂದು ತಲುಪಿತ್ತು. ಕಂದಾಯ ಕಟ್ಟಿದವರಷ್ಟೇ ಮತ ಹಾಕುತ್ತಿದ್ದ ಸಭೆಗಳು ಎಷ್ಟು ವರ್ಷ ಕೂತಿದ್ದರೂ ಇಂತಹ ಕಾಯ್ದೆಯನ್ನು ಮಾಡುತ್ತಿರಲಿಲ್ಲ. ತುರ್ತುಪರಿಸ್ಥಿತಿಯ ನಂತರದ 1977ರ ಚುನಾವಣೆಯನ್ನು ನೋಡಿ. ಬಲವಂತದ ಸಂತಾನಹರಣ ಚಿಕಿತ್ಸೆಯಿಂದ ನೊಂದ ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಂಗ್ರೆಸ್ಸಿಗೆ ಒಂದೇ ಒಂದು ಸ್ಥಾನ ಸಿಗಲಿಲ್ಲ. ಕರ್ನಾಟಕದಲ್ಲಿ ಅದೇ ಪಕ್ಷ 28ರಲ್ಲಿ 26 ಗೆದ್ದಿತು. ಅಕ್ಷರ ಬಾರದವರು ಗಾಳಿ ಬೀಸಿದತ್ತ ವಾಲುತ್ತಾರೆ ಎನ್ನುವವರು ಈ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ತಮ್ಮ ಮೈಮೇಲೆ, ತಮ್ಮ ಗದ್ದೆಯಲ್ಲಿ ಏನಾಯಿತೆಂದು ಲೆಕ್ಕ ಹಾಕಿಯೇ ಎರಡೂ ಕಡೆಯ ಬಡವರು ಮತ ಹಾಕಿದ್ದರು.

ಅಮೆರಿಕದಂತಹ ದೇಶಗಳಲ್ಲಿ ಸಿರಿವಂತರು ಹೆಚ್ಚು ಮತ ಹಾಕುತ್ತಾರೆ, ಬಡವರು ಮನೆಯಲ್ಲುಳಿಯುತ್ತಾರೆ. ರಾಜಕೀಯಶಾಸ್ತ್ರದ ಪುಸ್ತಕಗಳು ಇದನ್ನೇ ನಿಯಮವೆಂಬಂತೆ ಹೇಳುತ್ತಿದ್ದವು. 1990ರ ದಶಕದಲ್ಲಿ ದಿಲ್ಲಿಯ ಸಿಎಸ್‌ಡಿಎಸ್ ಸಂಸ್ಥೆ ದೇಶದಾದ್ಯಂತ ಮತದಾರರ ಸಮೀಕ್ಷೆ ನಡೆಸಿದಾಗ ಭಾರತದಲ್ಲಿ ಇದು ತಲೆಕೆಳಗಾಗಿರುವುದು ಕಂಡಿತು. ಪಟ್ಟಣಿಗರಿಗಿಂತ ಹಳ್ಳಿಗರು, ಮೇಲ್ಜಾತಿಗಳಿಗಿಂತ ದಲಿತರು, ಉಳ್ಳವರಿಗಿಂತ ಬಡವರು ಹೆಚ್ಚಾಗಿ ಮತಗಟ್ಟೆಗೆ ಬರುತ್ತಿದ್ದರು. ಯೋಗೇಂದ್ರ ಯಾದವ್ ಇದನ್ನು ಎರಡನೆಯ ಪ್ರಜಾಸತ್ತಾತ್ಮಕ ಏಳಿಗೆ ಎಂದು ಕರೆದರು. 2014ರ ಬಳಿಕ ಮಧ್ಯಮ ವರ್ಗವೂ ಹುರುಪಿನಿಂದ ಮತ ಹಾಕತೊಡಗಿ ಈ ಅಂತರ ಕಡಿಮೆಯಾಗಿದೆ ಎನ್ನುತ್ತಾರೆ. ಆದರೂ 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇಕಡಾ 81ಕ್ಕೂ ಹೆಚ್ಚು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಸುಮಾರು 53. ಬೆಂಗಳೂರಿನವರನ್ನು ಸೋಮಾರಿಗಳೆಂದು ಬಯ್ಯುವುದು ನಮ್ಮ ಪತ್ರಿಕೆಗಳಿಗೆ ರೂಢಿಯಾಗಿದೆ. ಬಾಡಿಗೆ ಮನೆ ಬದಲಿಸಿದವರ, ಊರು ಬಿಟ್ಟವರ, ತೀರಿಹೋದವರ ಹೆಸರುಗಳು ನಗರದ ಪಟ್ಟಿಯಲ್ಲಿ ಉಳಿದುಕೊಂಡು ಶೇಕಡಾವಾರು ಲೆಕ್ಕವನ್ನು ತಗ್ಗಿಸುತ್ತವೆ ಎಂಬುದೂ ನಿಜ. ಅದನ್ನೆಲ್ಲ ಕಳೆದರೂ ಅಂತರ ಉಳಿಯುತ್ತದೆ.

ಯಾಕೆ ಹೀಗೆ? ನಗರದ ಉಳ್ಳವರಿಗೆ ನೀರು ಬಾರದಿದ್ದರೆ ಟ್ಯಾಂಕರ್ ಇದೆ, ಕರೆಂಟ್ ಹೋದರೆ ಜನರೇಟರ್ ಇದೆ, ಸರಕಾರಿ ಶಾಲೆ ಮುಚ್ಚಿದರೆ ಅವರಿಗೆ ಗೊತ್ತೂ ಆಗುವುದಿಲ್ಲ. ಅಧಿಕಾರಿಯೊಡನೆ ಕೆಲಸವಿದ್ದರೆ ಫೋನು ಮಾಡಿದರಾಯಿತು. ಬಡವರಿಗೆ ಪಡಿತರ ಚೀಟಿ, ಆಸ್ಪತ್ರೆ, ವೃದ್ಧಾಪ್ಯ ವೇತನ, ಮನೆಯ ಹಕ್ಕುಪತ್ರ ಎಲ್ಲವೂ ಸರಕಾರದ ಬಾಗಿಲಿನಿಂದಲೇ ಬರಬೇಕು. ಇದು ಲೆಕ್ಕಾಚಾರದ ಮಾತಾಯಿತು. ಹಳ್ಳಿಗಳಲ್ಲಿ ಜನ ಯಾಕೆ ಮತ ಹಾಕುತ್ತಾರೆಂದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಮುಕುಲಿಕಾ ಬ್ಯಾನರ್ಜಿ ಅವರಿಗೆ ಜನ ಬೇರೆಯೇ ಉತ್ತರಗಳನ್ನು ಕೊಟ್ಟರು. ಮತಗಟ್ಟೆಯಲ್ಲಿ ಎಲ್ಲರಿಗೂ ಒಂದೇ ಸಾಲು, ಅಂದು ನಮ್ಮನ್ನು ಮನುಷ್ಯರೆಂದು ಕಾಣುತ್ತಾರೆ, ಪಟ್ಟಿಯಲ್ಲಿ ಹೆಸರಿದ್ದರೆ ನಾವೂ ಈ ದೇಶದವರೆಂದು ಲೆಕ್ಕ ಎಂಬ ಅರ್ಥದ ಮಾತುಗಳವು. ಹಣ ಹಂಚುವವರು ಹಂಚುತ್ತಾರೆ, ಪಡೆಯುವವರು ಪಡೆಯುತ್ತಾರೆ, ನಾವದನ್ನು ಸಮರ್ಥಿಸುವುದಿಲ್ಲ. ಆದರೆ ಮತಯಂತ್ರದ ಮುಂದೆ ಪರದೆಯ ಮರೆಯಲ್ಲಿ ನಿಂತ ಹೆಂಗಸು ಯಾರ ಸೀರೆ ಉಟ್ಟು ಯಾರಿಗೆ ಮತ ಹಾಕಿದಳೆಂದು ಹೇಳಬಲ್ಲವರು ಯಾರೂ ಇಲ್ಲ. ಎಲ್ಲ ಪಕ್ಷದವರಿಂದಲೂ ಪಡೆದುಕೊಂಡು ತನಗೆ ಬೇಕಾದವರಿಗೆ ಹಾಕುವ ಚತುರರು ನಮ್ಮ ಹಳ್ಳಿಗಳಲ್ಲಿ ಧಾರಾಳವಾಗಿದ್ದಾರೆ.

ಇನ್ನು ವಯಸ್ಸಿನ ವಿಷಯ. ನಮ್ಮ ಸಂವಿಧಾನ ಮೊದಲಿಗೆ 21 ವರ್ಷ ಎಂದಿತ್ತು. ರಾಜೀವ್ ಗಾಂಧಿ ಸರಕಾರ ತಂದ 61ನೇ ತಿದ್ದುಪಡಿ 1989ರ ಮಾರ್ಚ್ 28ರಂದು ಜಾರಿಗೆ ಬಂದು ಅದು 18ಕ್ಕೆ ಇಳಿಯಿತು. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಕೆಲವು ರಾಜ್ಯಗಳು ಆಗಲೇ 18 ಮಾಡಿಕೊಂಡಿದ್ದವು. ಹದಿನೆಂಟರ ಹುಡುಗರಿಗೆ ಏನು ತಿಳಿಯುತ್ತದೆ, ಭಾವಾವೇಶದಲ್ಲಿ ಮತ ಹಾಕುತ್ತಾರೆ ಎಂಬ ಟೀಕೆ ಬಂತು. ಒಂದು ಕಾಲದಲ್ಲಿ ಕೂಲಿಯವರ ಬಗ್ಗೆ, ಆಮೇಲೆ ಹೆಂಗಸರ ಬಗ್ಗೆ ಹೇಳಿದ್ದೂ ಇದನ್ನೇ; ಮಾತು ಅದೇ, ಆಡಿಸಿಕೊಂಡವರಷ್ಟೇ ಬೇರೆ. ಹಾಗೆಂದು ಹೊಸ ಮತದಾರರು ಕೊಟ್ಟವರ ಋಣ ತೀರಿಸಿದರೆ? 1984ರಲ್ಲಿ ನಾನೂರು ದಾಟಿದ್ದ ಕಾಂಗ್ರೆಸ್ 1989ರ ನವೆಂಬರಿನಲ್ಲಿ 197ಕ್ಕೆ ಕುಸಿಯಿತು. ಬ್ರಿಟನ್ನಿನಲ್ಲೂ ಹೆರಾಲ್ಡ್ ವಿಲ್ಸನ್ 1969ರಲ್ಲಿ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿ 1970ರಲ್ಲಿ ಸೋತಿದ್ದರು. ಮತದ ಹಕ್ಕನ್ನು ದಾನವೆಂದು ತಿಳಿದು ಕೊಡುವ ಆಳುವವರಿಗೆ ಈ ಎರಡು ವರ್ಷಗಳು ನೆನಪಿರಬೇಕು.

ವಿಚಿತ್ರವೆಂದರೆ, ಬಡವರು ಬಿಗಿಯಾಗಿ ಹಿಡಿದುಕೊಂಡ ಮತವನ್ನು ಯುವಕರು ಹಾಗೆ ಹಿಡಿದುಕೊಂಡಿಲ್ಲ. 2014ರಲ್ಲಿ ಅಂತರ ಹೆಚ್ಚು ಕಡಿಮೆ ಮುಚ್ಚಿದ್ದು ಬಿಟ್ಟರೆ, ಮೊದಲ ಬಾರಿಯ ಮತದಾರರು ನಡುವಯಸ್ಸಿನವರಿಗಿಂತ ಕಡಿಮೆಯೇ ಮತ ಹಾಕುತ್ತಾ ಬಂದಿದ್ದಾರೆ. ಮತದಾನಕ್ಕಿಂತ ಮೊದಲಿನ ಮೆಟ್ಟಿಲಲ್ಲೇ ಅವರು ನಿಂತುಬಿಡುತ್ತಾರೆ. 2024ರ ಚುನಾವಣೆಗೆ 18-19ರ ವಯಸ್ಸಿನ ಸುಮಾರು 1.8 ಕೋಟಿ ಮಂದಿ ಪಟ್ಟಿಯಲ್ಲಿದ್ದರು. ಆ ವಯಸ್ಸಿನವರಲ್ಲಿ ಇದು ಅರ್ಧದಷ್ಟೂ ಅಲ್ಲ. ಎಸ್.ವೈ. ಖುರೇಷಿ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 2011ರಿಂದ, ಜನವರಿ 25ನ್ನು ಮತದಾರರ ದಿನವೆಂದು ಆಚರಿಸಿ ಹೊಸಬರನ್ನು ಸೇರಿಸುವ ಕ್ರಮ ಆರಂಭವಾಯಿತು. 2022ರಿಂದ ವರ್ಷಕ್ಕೆ ನಾಲ್ಕು ಬಾರಿ ಹೆಸರು ಸೇರಿಸುವ ಅವಕಾಶವೂ ಬಂದಿದೆ. ಆದರೆ ಬೀದರಿನ ಹುಡುಗಿ ಮಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಾಳೆ, ರಾಯಚೂರಿನ ಹುಡುಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ. ಇವರಿಗೆ ಹೆಸರಿರುವುದು ಒಂದೂರಲ್ಲಿ, ಬದುಕು ಇನ್ನೊಂದೂರಲ್ಲಿ. ಒಂದು ದಿನದ ಮತಕ್ಕೆ ಎರಡು ರಾತ್ರಿಯ ಬಸ್ಸು, ಮೂರು ದಿನದ ಕೂಲಿ. ಮುದುಕರ ಸ್ಥಿತಿ ಇದಕ್ಕೆ ತದ್ವಿರುದ್ಧ. ದಶಕಗಳಿಂದ ಅದೇ ಮನೆ, ಅದೇ ಬೂತು, ಅದೇ ಕ್ರಮಸಂಖ್ಯೆ. 1951ರ ಮೊದಲ ದಿನವೇ ಹಿಮಾಚಲದ ಕಿನ್ನೌರಿನಲ್ಲಿ ಮತ ಹಾಕಿದ್ದ ಶಾಲಾ ಮಾಸ್ತರ ಶ್ಯಾಮ್ ಶರಣ್ ನೇಗಿ, ನೂರು ದಾಟಿದ ವಯಸ್ಸಿನಲ್ಲಿ 2022ರ ನವೆಂಬರಿನಲ್ಲಿ ಮನೆಯಿಂದಲೇ ಅಂಚೆ ಮತ ಹಾಕಿ ಮೂರು ದಿನಗಳ ನಂತರ ತೀರಿಕೊಂಡರು. ನಮ್ಮಲ್ಲೂ 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರ ಮನೆ ಬಾಗಿಲಿಗೇ ಮತಪೆಟ್ಟಿಗೆ ಹೋಯಿತು. 2024ರಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಲಾಯಿತು. ಊರಿಂದೂರಿಗೆ ಕೂಲಿಗೆ ಹೋಗುವವನ ಬಾಗಿಲಿಗೆ ಅದು ಇನ್ನೂ ಹೋಗಿಲ್ಲ. ಅವನಿಗೆ ಬಾಗಿಲೇ ಇಲ್ಲ ಎಂಬುದು ಬೇರೆ ಮಾತು.

ಹೀಗೆ ನೋಡಿದರೆ ಇಂದಿನ ಕಂದಾಯದ ರಶೀದಿ ಎಂದರೆ ನೆಲೆಯಾದ ವಿಳಾಸ ಮತ್ತು ಅದನ್ನು ತೋರಿಸುವ ಕಾಗದ. 2025ರಲ್ಲಿ ಬಿಹಾರದಲ್ಲಿ ಚುನಾವಣಾ ಆಯೋಗ ನಡೆಸಿದ ಮತಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ಹನ್ನೊಂದು ದಾಖಲೆಗಳಲ್ಲಿ ಒಂದನ್ನು ತೋರಿಸಬೇಕಿತ್ತು. ಜನನ ಪ್ರಮಾಣಪತ್ರ, ಮೆಟ್ರಿಕ್ ಪ್ರಮಾಣಪತ್ರ, ಪಾಸ್‌ಪೋರ್ಟ್ ಇವೆಲ್ಲ ಅದರಲ್ಲಿದ್ದವು, ಬಡವರ ಕೈಯಲ್ಲಿ ಸಾಮಾನ್ಯವಾಗಿ ಇರುವ ಪಡಿತರ ಚೀಟಿ ಇರಲಿಲ್ಲ. 1987ರ ಜುಲೈಗಿಂತ ಮೊದಲು ಹುಟ್ಟಿದವರಿಗೆ ತಮ್ಮದೊಂದು ದಾಖಲೆ ಸಾಕು, ಆ ನಂತರದವರಿಗೆ ತಂದೆ ತಾಯಿಯರಲ್ಲಿ ಒಬ್ಬರದ್ದೂ ಬೇಕು, 2004ರ ಡಿಸೆಂಬರ್ ನಂತರ ಹುಟ್ಟಿದವರಿಗೆ ಇಬ್ಬರದ್ದೂ ಬೇಕು. ವಯಸ್ಸು ಕಿರಿದಾದಷ್ಟೂ ಕಾಗದ ಹೆಚ್ಚು. ಆಗಸ್ಟ್ 1ರ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂಬ ಕಾರಣಗಳನ್ನು ಆಯೋಗ ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಸೆಪ್ಟೆಂಬರ್ 8ರಂದು ನ್ಯಾಯಾಲಯವು ಆಧಾರ್ ಕಾರ್ಡನ್ನು ಹನ್ನೆರಡನೆಯ ದಾಖಲೆಯಾಗಿ ಒಪ್ಪಿಕೊಳ್ಳಬೇಕೆಂದು ಹೇಳಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ ಉಳಿದ ಹೆಸರುಗಳು ಸುಮಾರು 7 ಕೋಟಿ 42 ಲಕ್ಷ.

ನವೆಂಬರಿನಲ್ಲಿ ಮತದಾನ ನಡೆದಾಗ ಬಿಹಾರದ ಚರಿತ್ರೆಯಲ್ಲೇ ಅತಿ ಹೆಚ್ಚು, ಸುಮಾರು ಶೇಕಡಾ 67 ಎಂದು ವರದಿಯಾಯಿತು. ಪಟ್ಟಿ ಚಿಕ್ಕದಾದರೆ ಶೇಕಡಾವಾರು ತಾನಾಗಿಯೇ ಏರುತ್ತದೆ ಎಂಬುದನ್ನು ಆ ದಿನ ಹೇಳಿದವರು ಕಡಿಮೆ. ಗಂಡಸರಲ್ಲಿ ನೂರಕ್ಕೆ 63ರಷ್ಟು ಮಂದಿ ಮತ ಹಾಕಿದ್ದರು, ಹೆಂಗಸರಲ್ಲಿ 71ಕ್ಕೂ ಹೆಚ್ಚು. ಸೂರತ್ತಿನ ಮಗ್ಗಗಳಲ್ಲಿ, ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಗಂಡಸರಲ್ಲಿ ಊರಿಗೆ ಮರಳಲಾಗದವರು ಅಲ್ಲೇ ಉಳಿದರು. ಸಾಲಿನಲ್ಲಿ ನಿಂತದ್ದು ಅವರ ತಾಯಂದಿರು ಮತ್ತು ಹೆಂಡತಿಯರು, ತಮ್ಮದೇ ಹೆಸರಿನ ಚೀಟಿ ಹಿಡಿದುಕೊಂಡು.